ಮುಖ ತೋರಿಸದ ದಾದಿಯರು

ತಾಯಿಯಿಲ್ಲದ ಮರಿಯೊಂದಕ್ಕೆ ಸೀಸೆಯಲ್ಲಿ ಹಾಲು ಕುಡಿಸಬೇಕು. ಆದರೆ ಕುಡಿಸುವವರ ಮುಖ ಅದಕ್ಕೆ ಕಾಣಬಾರದು. ಮುದ್ದು ಮಾಡಬಾರದು, ಹೆಸರಿಡಬಾರದು. ಹೀಗೂ ಒಂದು ಕೆಲಸ ಪ್ರಪಂಚದಲ್ಲಿದೆ ಎಂದರೆ ನಂಬುತ್ತೀರಾ ಮಕ್ಕಳೇ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾಂಟೆರೇ ಎಂಬ ಕಡಲತೀರದ ಊರಿದೆ. ಅಲ್ಲಿ 1984ರಲ್ಲಿ ಬಾಗಿಲು ತೆರೆದ ಮಾಂಟೆರೇ ಬೇ ಅಕ್ವೇರಿಯಂ ಎಂಬ ದೊಡ್ಡ ಮತ್ಸ್ಯಾಲಯವಿದೆ. ಕಡಲಿನಿಂದ ದಡಕ್ಕೆ ಬಂದುಬಿದ್ದ ಅನಾಥ ನೀರುನಾಯಿ ಮರಿಗಳನ್ನು ಅಲ್ಲಿಗೆ ತರುತ್ತಾರೆ. ಅವನ್ನು ನೋಡಿಕೊಳ್ಳುವವರು ಮೈತುಂಬ ಕಪ್ಪು ನಿಲುವಂಗಿ ಹೊದ್ದು, ವೆಲ್ಡಿಂಗ್ ಕೆಲಸದವರು ಹಾಕಿಕೊಳ್ಳುವಂಥ ಮುಖವಾಡ ತೊಟ್ಟು, ಕೈಗವಸು ಹಾಕಿಕೊಂಡು ಮರಿಯ ಬಳಿ ಹೋಗುತ್ತಾರೆ. ನೋಡಿದರೆ ನಮ್ಮೂರ ಬಯಲಾಟದ ರಾಕ್ಷಸ ಪಾತ್ರ ನೆನಪಾಗಬೇಕು. ಹೋಗುವುದು ಮಾತ್ರ ಎರಡು ಕಿಲೋ ತೂಕದ ಹಸುಗೂಸಿಗೆ ಹೊಟ್ಟೆ ತುಂಬಿಸಲು.

ನೀರುನಾಯಿ ನಮಗೆ ಹೊಸದಲ್ಲ. ನಮ್ಮ ತುಂಗಭದ್ರೆಯಲ್ಲಿ, ಕಾವೇರಿಯಲ್ಲಿ ಅವು ಇವೆ. ತುಂಗಭದ್ರೆಯ 34 ಕಿಲೋಮೀಟರ್ ಉದ್ದದ ಭಾಗವನ್ನು ನಮ್ಮ ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿಗಳಿಗೆಂದೇ ಸಂರಕ್ಷಿತ ಪ್ರದೇಶವಾಗಿ ಘೋಷಿಸಿತು. ಆದರೆ ನಮ್ಮವು ಹೊಳೆಯವು. ಮೀನು ಹಿಡಿದು ದಂಡೆಗೆ ಬಂದು, ಬಂಡೆಯ ಮೇಲೆ ಮೈ ಒಣಗಿಸಿಕೊಂಡು, ಬಿಲ ಸೇರಿ ಮಲಗುತ್ತವೆ. ಕ್ಯಾಲಿಫೋರ್ನಿಯಾದ ಕಡಲ ನೀರುನಾಯಿಯ ಸಂಸಾರ ಹೆಚ್ಚುಕಡಿಮೆ ಪೂರ್ತಿ ನೀರಿನಲ್ಲೇ. ಅಂಗಾತ ತೇಲಿಕೊಂಡೇ ಊಟ, ಅಂಗಾತ ತೇಲಿಕೊಂಡೇ ನಿದ್ದೆ. ನಿದ್ದೆಯಲ್ಲಿ ಎಲ್ಲೋ ತೇಲಿಹೋಗದಂತೆ ಕೆಲ್ಪ್ ಎಂಬ ಉದ್ದನೆಯ ಕಡಲಕಳೆಯನ್ನು ಮೈಗೆ ಸುತ್ತಿಕೊಳ್ಳುತ್ತದೆ. ಎದೆಯ ಮೇಲೆ ಕಲ್ಲಿಟ್ಟುಕೊಂಡು ಅದಕ್ಕೆ ಚಿಪ್ಪನ್ನು ಕುಟ್ಟಿ ಒಡೆದು ತಿನ್ನುತ್ತದೆ. ಇಷ್ಟವಾದ ಕಲ್ಲನ್ನು ಕಂಕುಳ ಬಳಿಯ ಚರ್ಮದ ಮಡಿಕೆಯಲ್ಲಿ ಇಟ್ಟುಕೊಳ್ಳುವುದೂ ಉಂಟು, ನಮ್ಮಜ್ಜಿ ಎಲೆಯಡಿಕೆಯ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಂತೆ.

ತಿಮಿಂಗಿಲ, ಸೀಲ್‌ಗಳಿಗೆ ಚಳಿ ತಡೆಯಲು ಚರ್ಮದ ಕೆಳಗೆ ದಪ್ಪ ಕೊಬ್ಬಿನ ಪದರವಿದೆ. ಇದಕ್ಕೆ ಅದಿಲ್ಲ. ಇರುವುದು ತುಪ್ಪಳ. ಒಂದು ಚದರ ಅಂಗುಲ ಜಾಗದಲ್ಲಿ ಹತ್ತು ಲಕ್ಷದವರೆಗೆ ಕೂದಲು! ನಮ್ಮ ಇಡೀ ತಲೆಯಲ್ಲಿರುವುದು ಸುಮಾರು ಒಂದು ಲಕ್ಷ. ನನ್ನ ತಲೆಯ ಲೆಕ್ಕ ಈಗ ಬೇಡ. ತುಪ್ಪಳದ ಜೊತೆಗೆ ಒಳಗಿನ ಒಲೆಯೂ ಉರಿಯುತ್ತಲೇ ಇರಬೇಕು. ಹಾಗಾಗಿ ತನ್ನ ತೂಕದ ಕಾಲುಭಾಗದಷ್ಟು ಆಹಾರ ದಿನವೂ ಬೇಕು. ನನ್ನ ತೂಕ 64 ಕಿಲೋ. ಇದೇ ಲೆಕ್ಕದಲ್ಲಿ ನಾನು ದಿನಕ್ಕೆ 16 ಕಿಲೋ ಊಟ ಮಾಡಬೇಕಾಗುತ್ತಿತ್ತು. ಪಿಂಚಣಿ ಸಾಲುತ್ತಿರಲಿಲ್ಲ.

ಆ ತುಪ್ಪಳವೇ ಅದಕ್ಕೆ ಶತ್ರುವಾಯಿತು. ಹದಿನೆಂಟನೇ ಶತಮಾನದಿಂದ ಚರ್ಮದ ವ್ಯಾಪಾರಿಗಳು ಉತ್ತರ ಪೆಸಿಫಿಕ್ ಸಾಗರವನ್ನು ಜಾಲಾಡಿ ಲಕ್ಷಗಟ್ಟಲೆ ನೀರುನಾಯಿಗಳನ್ನು ಕೊಂದರು. 1911ರಲ್ಲಿ ನಾಲ್ಕು ದೇಶಗಳು ಸೇರಿ ಬೇಟೆ ನಿಲ್ಲಿಸುವ ಒಪ್ಪಂದ ಮಾಡಿಕೊಳ್ಳುವ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಅವು ಮುಗಿದೇಹೋದವು ಎಂದು ಜನ ನಂಬಿದ್ದರು. 1938ರಲ್ಲಿ ಬಿಗ್ ಸರ್ ಎಂಬ ಕಡಿದಾದ ಕರಾವಳಿಯಲ್ಲಿ ಸುಮಾರು 50 ನೀರುನಾಯಿಗಳ ಒಂದು ಗುಂಪು ಕಾಣಿಸಿತು. ಈಗ ಆ ಕರಾವಳಿಯಲ್ಲಿರುವ ಸುಮಾರು 3,000 ನೀರುನಾಯಿಗಳು ಅಂದು ಅಡಗಿ ಉಳಿದ ಆ ಕೆಲವೇ ಪ್ರಾಣಿಗಳ ಸಂತಾನ. ಇಷ್ಟು ಕಡಿಮೆ ಇರುವಾಗ ಒಂದೊಂದು ಮರಿಯೂ ಲೆಕ್ಕಕ್ಕೆ ಬರುತ್ತದೆ.

ಮರಿಯನ್ನು ಸಾಕುವುದು ತಾಯಿಯೊಬ್ಬಳದೇ ಹೊಣೆ. ತಂದೆ ತಿರುಗಿಯೂ ನೋಡುವುದಿಲ್ಲ. ಹೆರುವುದು ಸಾಮಾನ್ಯವಾಗಿ ಒಂದೇ ಮರಿ. ಸುಮಾರು ಆರು ತಿಂಗಳು ಅದು ತಾಯಿಯ ಜೊತೆಗೇ ಇರುತ್ತದೆ. ಪುಟ್ಟ ಮರಿಯ ಕೂದಲು ಎಷ್ಟು ಗಾಳಿ ಹಿಡಿದಿಟ್ಟುಕೊಳ್ಳುತ್ತದೆಂದರೆ, ಬೆಂಡಿನಂತೆ ತೇಲುತ್ತದೆಯೇ ಹೊರತು ಮುಳುಗಲು ಬರುವುದಿಲ್ಲ. ತಾಯಿ ಆಹಾರಕ್ಕೆಂದು ನೀರಿನಾಳಕ್ಕೆ ಇಳಿಯುವಾಗ ಮರಿಯನ್ನು ಕಡಲಕಳೆಗೆ ಸುತ್ತಿ ಬಿಟ್ಟು ಹೋಗುತ್ತಾಳೆ, ಗದ್ದೆಯ ಬದುವಿನ ಮರಕ್ಕೆ ಜೋಲಿ ಕಟ್ಟಿ ಕೂಸನ್ನು ಮಲಗಿಸಿ ನಾಟಿಗೆ ಇಳಿಯುತ್ತಿದ್ದರಲ್ಲ, ಹಾಗೆ. ಬಿರುಗಾಳಿಗೆ ಸಿಕ್ಕಿ ಮರಿ ಬೇರೆಯಾದರೆ, ಇಲ್ಲವೇ ತಾಯಿ ಶಾರ್ಕ್‌ನ ಹಲ್ಲಿಗೆ ಸಿಕ್ಕಿ ಸತ್ತರೆ, ದಡದಲ್ಲಿ ಅಳುವ ಮರಿ ಉಳಿಯುತ್ತದೆ. ಅದರ ಕೂಗು ಬಲು ದೂರ ಕೇಳುತ್ತದೆ.

ಮೊದಮೊದಲು ಮತ್ಸ್ಯಾಲಯದವರು ತಾವೇ ತಾಯಂದಿರಾದರು. ಈಜುಡುಗೆ ತೊಟ್ಟು ಮರಿಯನ್ನು ಎದೆಯ ಮೇಲೆ ಹಾಕಿಕೊಂಡು ತೇಲಿದರು. ತುಪ್ಪಳ ಬಾಚಿದರು. ಕಡಲಿಗೆ ಕರೆದೊಯ್ದು ಮುಳುಗುವುದನ್ನು, ಚಿಪ್ಪು ಒಡೆಯುವುದನ್ನು ಕಲಿಸಿದರು. ರಾತ್ರಿಯಿಡೀ ಎದ್ದು ಕೂತರು. ಮರಿಗಳು ಬದುಕಿದವು. ಆದರೆ ಬೆಳೆದ ಮೇಲೆ ಕಡಲಿಗೆ ಬಿಟ್ಟರೆ ಅವುಗಳಲ್ಲಿ ಕೆಲವು ತಮ್ಮ ಕುಲದವರನ್ನು ಬಿಟ್ಟು ಮನುಷ್ಯರನ್ನು ಹುಡುಕಿಕೊಂಡು ಬರುತ್ತಿದ್ದವು. ದೋಣಿ ಹತ್ತುವುದು, ಮುಳುಗುಗಾರರನ್ನು ತಬ್ಬುವುದು. ಮುದ್ದಾಗಿದೆ ಎನಿಸುತ್ತದೆ ಅಲ್ಲವೇ? ಹಾಗೆನಿಸುವವರು ಅದರ ದವಡೆಯನ್ನು ನೋಡಬೇಕು. ಏಡಿಯ ಚಿಪ್ಪನ್ನು ಪುಡಿಮಾಡುವ ಹಲ್ಲು ಅದು. ಮನುಷ್ಯರ ಬಳಿ ಬರುವ ನೀರುನಾಯಿ ಒಂದಲ್ಲ ಒಂದು ದಿನ ಯಾರನ್ನೋ ಕಚ್ಚುತ್ತದೆ, ಇಲ್ಲವೇ ತಾನೇ ಪೆಟ್ಟು ತಿನ್ನುತ್ತದೆ. ಹಿಡಿದು ವಾಪಸ್ ತರದೆ ಬೇರೆ ದಾರಿಯಿಲ್ಲ.

ರೋಸಾಳ ಕಥೆ ಅಂಥದ್ದೇ. 1999ರಲ್ಲಿ ಕೆಲವೇ ವಾರಗಳ ಮರಿಯಾಗಿ ಬಂದಳು. ಮನುಷ್ಯರ ಕೈಯಲ್ಲಿ ಬೆಳೆದು, ಕಡಲಿಗೆ ಹೋಗಿ, ಮನುಷ್ಯರನ್ನೇ ಹಚ್ಚಿಕೊಂಡು ಮರಳಿ ಗಾಜಿನ ತೊಟ್ಟಿಗೇ ಬಂದಳು. ಸಾಕಿದವರ ಪ್ರೀತಿಯೇ ಅವಳ ಕಡಲನ್ನು ಕಿತ್ತುಕೊಂಡಿತ್ತು. ಈ ಮಾತು ಬರೆಯುವಾಗ ನನಗೆ ಕಷ್ಟವೆನಿಸುತ್ತದೆ, ಏಕೆಂದರೆ ಅವರು ಮಾಡಿದ್ದರಲ್ಲಿ ಕೊರತೆಯಿರಲಿಲ್ಲ. ಹೆಚ್ಚಾಗಿದ್ದೇ ತೊಂದರೆಯಾಯಿತು.

ದಾರಿ ತೋರಿಸಿದವಳು ಟೂಲಾ ಎಂಬ ಇನ್ನೊಬ್ಬ ಹೆಣ್ಣು ನೀರುನಾಯಿ. 2001ರಲ್ಲಿ ದಡದಲ್ಲಿ ಸಿಕ್ಕಳು. ಅವಳಿಗೆ ಅಪಸ್ಮಾರ, ಅಂದರೆ ಮೂರ್ಛೆರೋಗ. ಬೆಕ್ಕಿನ ಹಿಕ್ಕೆಯಿಂದ ಹರಡುವ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಅವಳ ಮಿದುಳನ್ನು ಹೊಕ್ಕಿರಬೇಕೆಂದು ವೈದ್ಯರು ಕಂಡುಕೊಂಡರು. ಮಳೆನೀರು, ಚರಂಡಿಗಳ ಮೂಲಕ ಅದು ಸಮುದ್ರ ಸೇರುತ್ತದೆ. ದಿನವೂ ಔಷಧ ಬೇಕಾದ ಅವಳನ್ನು ಕಡಲಿಗೆ ಬಿಡುವ ಮಾತೇ ಇರಲಿಲ್ಲ. ಬಂದಾಗ ಗಬ್ಬವಾಗಿದ್ದಳು. ಮರಿ ಸತ್ತೇ ಹುಟ್ಟಿತು. ಅದೇ ಹೊತ್ತಿಗೆ ಅನಾಥ ಮರಿಯೊಂದು ಬಂತು. ನೋಡೋಣವೆಂದು ಅದನ್ನು ಟೂಲಾಳ ತೊಟ್ಟಿಗೆ ಬಿಟ್ಟರು. ಅವಳು ಅದನ್ನು ಎತ್ತಿ ಎದೆಯ ಮೇಲೆ ಹಾಕಿಕೊಂಡಳು.

ಅಲ್ಲಿಂದ ಪದ್ಧತಿಯೇ ಬದಲಾಯಿತು. ಮರಿ ತೀರಾ ಎಳೆಯದಿರುವ ಮೊದಲ ಕೆಲವು ವಾರ ಮಾತ್ರ ಮುಖವಾಡದ ದಾದಿಯರು. ಗಟ್ಟಿ ಆಹಾರ ತಿನ್ನುವಂತಾದ ಮೇಲೆ ಸಾಕುತಾಯಿಯ ಮಡಿಲು. ಏಡಿಯನ್ನು ಯಾವ ಕಡೆಯಿಂದ ಹಿಡಿದರೆ ಕೊಂಡಿಗೆ ಸಿಕ್ಕುವುದಿಲ್ಲ, ತುಪ್ಪಳಕ್ಕೆ ಗಾಳಿ ತುಂಬಿಕೊಳ್ಳುವುದು ಹೇಗೆ, ಎಲ್ಲವನ್ನೂ ಮರಿ ಅವಳನ್ನು ನೋಡಿಯೇ ಕಲಿಯುತ್ತದೆ. ಬಿಡುಗಡೆಯಾಗುವ ಮರಿಗಳಿಗೆ ಹೆಸರಿಲ್ಲ, ಬರೀ ಸಂಖ್ಯೆ. 2012ರಲ್ಲಿ ಸಾಯುವ ಹೊತ್ತಿಗೆ ಟೂಲಾ 13 ಮರಿಗಳನ್ನು ಸಾಕಿದ್ದಳು. ಕಡಲಿಗೆ ಹೊಂದದೆ ವಾಪಸಾದ ರೋಸಾ 15 ಮರಿಗಳಿಗೆ ತಾಯಿಯಾದಳು. ಅವಳು ತೀರಿಕೊಂಡದ್ದು 2024ರಲ್ಲಿ, 24ನೇ ವಯಸ್ಸಿನಲ್ಲಿ. ನೀರುನಾಯಿಗಳ ಲೆಕ್ಕದಲ್ಲಿ ಅದು ಮುತ್ತಜ್ಜಿಯ ವಯಸ್ಸು.

ಮಗಳ ಮನೆಗೆ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ ಈ ಮತ್ಸ್ಯಾಲಯವನ್ನು ನಾನೂ ನೋಡಿದೆ. ನೀರುನಾಯಿಗಳಿಗೆ ಊಟ ಹಾಕುವ ಸಮಯ. ಗಾಜಿನ ಮುಂದೆ ಮಕ್ಕಳ ಜಾತ್ರೆ. ಮೊಮ್ಮಗಳು ನನ್ನ ಕೈ ಜಗ್ಗಿ, "ತಾತ, ಮರಿಗಳು ಎಲ್ಲಿ?" ಎಂದಳು. ಕಡಲಿಗೆ ಹೋಗಬೇಕಾದ ಮರಿಗಳನ್ನು ಜನರಿಗೆ ತೋರಿಸುವುದಿಲ್ಲ ಎಂದೆ. "ಟಿಕೆಟ್ ತಗೊಂಡಿದ್ದೀವಲ್ಲ!" ಎಂದಳು. ಬ್ಯಾಂಕಿನವನ ಮೊಮ್ಮಗಳು, ಕೇಳಿದ್ದು ನ್ಯಾಯವೇ.

ನನಗೆ ಹೆಚ್ಚು ಹಿಡಿಸಿದ್ದು ಅಲ್ಲಿನ ತರಬೇತಿ. ಕೋಲಿನ ತುದಿಗೆ ಚೆಂಡಿನಂಥದ್ದೊಂದು ವಸ್ತು. ನೀರುನಾಯಿ ಅದಕ್ಕೆ ಮೂಗು ತಾಗಿಸಿದರೆ ಒಂದು ತುಂಡು ಆಹಾರ. ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್, ಸೀಗಡಿ, ಚಿಪ್ಪಿನೊಳಗಿನ ಮಾಂಸ, ಎಲ್ಲ ನಾವು ತಿನ್ನುವಷ್ಟೇ ಒಳ್ಳೆಯ ದರ್ಜೆಯವು. ಇಷ್ಟು ಕಲಿತ ಮೇಲೆ ಕೋಲು ಹೋದಲ್ಲಿಗೆ ಅದೂ ಹೋಗುತ್ತದೆ. ತಕ್ಕಡಿಯ ಮೇಲೆ ನಿಲ್ಲುವುದು, ಪೆಟ್ಟಿಗೆಯೊಳಗೆ ತಾನಾಗಿ ಹೋಗುವುದು, ಹಲ್ಲು ನೋಡಲು ಬಾಯಿ ತೆರೆಯುವುದು, ವೈದ್ಯರು ಮುಟ್ಟಿದಾಗ ಅಲುಗದೆ ಇರುವುದು, ಎಲ್ಲವನ್ನೂ ಇದೇ ರೀತಿ ಕಲಿಸುತ್ತಾರೆ. ಬಲವಂತವಿಲ್ಲ, ಏಟಿಲ್ಲ. ಮಾಡಲಿಲ್ಲವೇ, ಸರಿ, ಆ ತುಂಡು ಸಿಗುವುದಿಲ್ಲ, ಅಷ್ಟೇ. ಇದು ಮನರಂಜನೆಗಲ್ಲ ಎಂಬುದನ್ನು ಗಮನಿಸಿ. ಮೂರ್ಛೆರೋಗದ ಪ್ರಾಣಿಯನ್ನು ಬಲೆ ಹಾಕಿ ಹಿಡಿದು ದಿನವೂ ಔಷಧ ಕುಡಿಸಲಾದೀತೇ? ಅದು ತಾನಾಗಿ ಬಂದು ಬಾಯಿ ತೆರೆಯಬೇಕು. ಡಾಲ್ಫಿನ್‌ಗಳನ್ನು ಚೆಂಡಾಟ ಆಡಿಸಿ ಚಪ್ಪಾಳೆ ಗಿಟ್ಟಿಸುವ ಪ್ರದರ್ಶನಗಳು ನನಗೆ ಎಂದೂ ಹಿಡಿಸಿಲ್ಲ. ನಮ್ಮ ದೇಶ 2013ರಲ್ಲಿ ಅಂಥ ಡಾಲ್ಫಿನ್ ಪ್ರದರ್ಶನಾಲಯಗಳಿಗೆ ಅನುಮತಿಯಿಲ್ಲ ಎಂದದ್ದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ.

ಬಿಡುಗಡೆಯ ದಿನವೂ ಸಂಭ್ರಮವೇನಿಲ್ಲ. ಕಾಲಿನ ಪೊರೆಗೆ ಬಣ್ಣದ ಗುರುತುಪಟ್ಟಿ, ಹೊಟ್ಟೆಯೊಳಗೆ ಪುಟ್ಟ ರೇಡಿಯೊ ಇಟ್ಟು ಬಿಡುತ್ತಾರೆ. ಆಮೇಲೆ ದಡದಿಂದ ದುರ್ಬೀನು ಹಿಡಿದು ಹಿಂಬಾಲಿಸುತ್ತಾರೆ. ತಿನ್ನುತ್ತಿದೆಯೇ, ಸೊರಗುತ್ತಿದೆಯೇ? ಸೊರಗಿದರೆ ಹಿಡಿದು ತಂದು ಚೇತರಿಸಿದ ಮೇಲೆ ಮತ್ತೆ ಪ್ರಯತ್ನ.

ಹೀಗೆ 2002ರಿಂದ 2016ರವರೆಗೆ ಸಾಕುತಾಯಂದಿರ ಬಳಿ ಬೆಳೆದ 37 ಮರಿಗಳನ್ನು ಹತ್ತಿರದ ಎಲ್ಕ್‌ಹಾರ್ನ್ ಸ್ಲೂ ಎಂಬ ಅಳಿವೆಗೆ ಬಿಟ್ಟರು. 37 ಏನು ಮಹಾ ಎನ್ನಬೇಡಿ. ನನ್ನಂಥ ಲೆಡ್ಜರ್ ಬರೆದವರಿಗೆ ಚಕ್ರಬಡ್ಡಿಯ ಮಹಿಮೆ ಗೊತ್ತು. ಆ ಅವಧಿಯಲ್ಲಿ ಅಲ್ಲಿ ಹೆಚ್ಚಿದ ನೀರುನಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಮರಿಗಳು ಮತ್ತು ಅವುಗಳ ಸಂತಾನ ಎಂದು 2019ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಅಳಿವೆಯ ನೀರೊಳಗಿನ ಹುಲ್ಲೂ ಚಿಗುರಿತು. ಅದು ಹೇಗೆ ಗೊತ್ತೇ? ಹುಲ್ಲಿನ ಮೇಲೆ ಕೂರುವ ಪಾಚಿಯನ್ನು ಪುಟ್ಟ ಹುಳುಗಳಂಥ ಜೀವಿಗಳು ತಿಂದು ಶುಚಿ ಮಾಡುತ್ತವೆ. ಆ ಜೀವಿಗಳನ್ನು ಏಡಿಗಳು ತಿಂದು ಮುಗಿಸುತ್ತಿದ್ದವು. ನೀರುನಾಯಿಗಳು ಬಂದು ಏಡಿಗಳನ್ನು ತಿಂದವು. ಅಷ್ಟಾದರೆ ಹುಲ್ಲಿಗೆ ಬಿಸಿಲು ಸಿಕ್ಕದೆ ಇರುತ್ತದೆಯೇ?

ಇಷ್ಟೆಲ್ಲ ಎಚ್ಚರಿಕೆಯಿಂದ ಸಾಕಿದರೂ ನೀರುನಾಯಿ ನಾವು ಹೇಳಿದಂತೆ ಕೇಳುತ್ತದೆಂದಲ್ಲ. 841 ಎಂಬ ಸಂಖ್ಯೆಯ ಹೆಣ್ಣೊಂದಿದೆ. ಅದರ ತಾಯಿಗೆ ಜನರು ಸ್ಕ್ವಿಡ್ ತಿನ್ನಿಸಿ ರೂಢಿ ಮಾಡಿಬಿಟ್ಟಿದ್ದರು. ಅವಳನ್ನು ಹಿಡಿದು ತಂದಾಗ ಹೊಟ್ಟೆಯಲ್ಲಿದ್ದದ್ದು ಈ 841. ಮನುಷ್ಯರ ಸೋಂಕಿಲ್ಲದಂತೆ ಬೆಳೆಸಿ 2020ರಲ್ಲಿ ಕಡಲಿಗೆ ಬಿಟ್ಟರು. 2023ರ ಬೇಸಿಗೆಯಲ್ಲಿ ಅದು ಸಾಂತಾಕ್ರೂಜ್ ಊರಿನ ಅಲೆಗಳಲ್ಲಿ ಜಾರುಹಲಗೆಯಾಟ ಆಡುವವರ ಹಲಗೆಗಳನ್ನೇ ಕಸಿದು, ಮೇಲೆ ಹತ್ತಿ ಕೂತು, ಹಲ್ಲಿನಿಂದ ಕಿತ್ತು ಚಿತ್ರ ಬಿಡಿಸಿತು. ಪ್ರಪಂಚದ ಪತ್ರಿಕೆಗಳೆಲ್ಲ ಅದರ ಫೋಟೋ ಹಾಕಿದವು. ಹಿಡಿಯಲು ಹೋದ ಅಧಿಕಾರಿಗಳಿಗೆ ವಾರಗಟ್ಟಲೆ ಚಳ್ಳೆಹಣ್ಣು ತಿನ್ನಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ 841 ಅದೇ ಊರಿನ ಬಳಿ ಅಂಗಾತ ತೇಲುತ್ತಿರುವುದು ಕಂಡಿತು. ಎದೆಯ ಮೇಲೆ ಪುಟ್ಟದೊಂದು ಮರಿಯಿತ್ತು. ಕನಿಷ್ಠ ಅರವತ್ತು ಅಡಿ ದೂರದಲ್ಲಿರಿ, ಹತ್ತಿರ ಹೋಗಬೇಡಿ, ತಿನ್ನಲು ಏನೂ ಎಸೆಯಬೇಡಿ ಎಂದು ಜನರಿಗೆ ಹೇಳಿದರು. ಜನ ದಡದಲ್ಲೇ ನಿಂತು ನೋಡಿದರು.