ಮಣ್ಣಿನ ಕಬ್ಬಿಣ, ಮೈಯ ಕಬ್ಬಿಣ

ಹೊಸದುರ್ಗ, ಹೊಳಲ್ಕೆರೆಗಳ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ. ಚಿತ್ರದುರ್ಗ, ಹಿರಿಯೂರುಗಳ ಕೆಮ್ಮಣ್ಣಿಗೆ ಬಣ್ಣ ಕೊಟ್ಟಿರುವುದೂ ಕಬ್ಬಿಣವೇ. ಆದರೂ ಈ ಮಣ್ಣಿನಲ್ಲಿ ದುಡಿಯುವ ಅನೇಕ ತಾಯಂದಿರ ರಕ್ತದಲ್ಲಿ ಕಬ್ಬಿಣ ಸಾಲದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ.

ಕಬ್ಬಿಣಕ್ಕೆ ಒಂದು ವಿಶೇಷ ಗುಣವುಂಟು. ಅದು ಎಲೆಕ್ಟ್ರಾನ್ ಎಂಬ ಸೂಕ್ಷ್ಮ ಕಣವನ್ನು ಸುಲಭವಾಗಿ ಕೊಡಬಲ್ಲದು, ಮರಳಿ ಪಡೆಯಲೂ ಬಲ್ಲದು. ಕೆಲವು ಕೊಳವೆಬಾವಿಗಳ ನೀರು ಸೇದಿದಾಗ ತಿಳಿಯಾಗಿದ್ದು, ಕೊಡದಲ್ಲಿ ನಿಂತ ಮೇಲೆ ಕೆಂಪಗಾಗುವುದನ್ನು ನಾವು ಕಂಡಿದ್ದೇವೆ. ನೀರಿನಲ್ಲಿ ಕರಗಿದ್ದ ಕಬ್ಬಿಣವು ಗಾಳಿಯ ಆಮ್ಲಜನಕಕ್ಕೆ ಎಲೆಕ್ಟ್ರಾನನ್ನು ಒಪ್ಪಿಸಿ, ಕರಗದ ತುಕ್ಕಾಗಿ ತಳಕ್ಕಿಳಿಯುತ್ತದೆ.

ನಮ್ಮ ಜೀವಕೋಶಗಳಲ್ಲಿ ನಡೆಯುವುದೂ ಇಂಥದೇ ಕೊಡುಕೊಳ್ಳುವಿಕೆ. ಉಂಡ ಅನ್ನದಿಂದ ಬಂದ ಎಲೆಕ್ಟ್ರಾನುಗಳು ಮೈಟೊಕಾಂಡ್ರಿಯ ಎಂಬ ಭಾಗದಲ್ಲಿ ಕಬ್ಬಿಣವುಳ್ಳ ಪ್ರೋಟೀನುಗಳ ಮೂಲಕ ಕೈಯಿಂದ ಕೈಗೆ ಸಾಗಿ, ಕೊನೆಗೆ ಆಮ್ಲಜನಕವನ್ನು ಸೇರುತ್ತವೆ. ಈ ಪಯಣದಲ್ಲಿಯೇ ದುಡಿಮೆಗೆ ಬೇಕಾದ ಶಕ್ತಿ ಹುಟ್ಟುತ್ತದೆ. ಆ ಶಕ್ತಿಯ ಉತ್ಪತ್ತಿಯ ಬಗೆಯನ್ನು ವಿವರಿಸಿದ ಪೀಟರ್ ಮಿಚೆಲ್ ಅವರಿಗೆ 1978ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಆಮ್ಲಜನಕವಿಲ್ಲದ ಕೆಸರಿನಲ್ಲಿ ಬಾಳುವ ಕೆಲವು ಬ್ಯಾಕ್ಟೀರಿಯಗಳಂತೂ ಎಲೆಕ್ಟ್ರಾನುಗಳನ್ನು ಖನಿಜದ ತುಕ್ಕಿಗೇ ಒಪ್ಪಿಸಿ ಉಸಿರಾಡುತ್ತವೆ. ಅಂಥ ಜಿಯೋಬ್ಯಾಕ್ಟರ್ ಎಂಬುದನ್ನು 1987ರಲ್ಲಿ ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಿಂದ ಬೇರ್ಪಡಿಸಲಾಯಿತು.

ನಮಗೆ ಆ ಸಾಮರ್ಥ್ಯವಿಲ್ಲ. ಸೊಪ್ಪು, ಕಾಳು, ರಾಗಿಗಳಲ್ಲಿರುವ ಕಬ್ಬಿಣದ ಬಹುಪಾಲು ಎಲೆಕ್ಟ್ರಾನ್ ಕಳೆದುಕೊಂಡ ರೂಪದಲ್ಲಿದ್ದು, ಕರುಳು ಅದನ್ನು ಸುಲಭವಾಗಿ ಹೀರಿಕೊಳ್ಳದು. ಇಲ್ಲಿ ನೆರವಿಗೆ ಬರುವುದು ನಿಂಬೆ, ನೆಲ್ಲಿಕಾಯಿಗಳಲ್ಲಿರುವ ‘ಸಿ’ ಜೀವಸತ್ವ. ಅದು ಕಬ್ಬಿಣಕ್ಕೆ ಎಲೆಕ್ಟ್ರಾನನ್ನು ದಾನಮಾಡಿ ಹೀರಲು ಯೋಗ್ಯವಾಗಿಸುತ್ತದೆ. ಚಹಾದ ಒಗರು ಇದಕ್ಕೆ ವಿರುದ್ಧವಾಗಿ ಕಬ್ಬಿಣವನ್ನು ಕಟ್ಟಿಹಾಕುತ್ತದೆ.

ಆದ್ದರಿಂದ ಮುದ್ದೆಯೊಡನೆ ಸೊಪ್ಪಿನ ಸಾರು ಉಣ್ಣುವಾಗ, ಒಲೆಯಿಂದ ಇಳಿಸಿದ ಸಾರಿಗೆ ನಿಂಬೆರಸ ಹಿಂಡಿಕೊಳ್ಳಿರಿ. ಹುರುಳಿ, ಹೆಸರುಗಳನ್ನು ಮೊಳಕೆ ಕಟ್ಟಿ ಬಳಸಿರಿ. ಊಟವಾದೊಡನೆ ಚಹಾ ಕುಡಿಯದೆ ಒಂದು ಗಂಟೆಯಾದರೂ ತಾಳಿರಿ.

ಆಯಾಸ, ಏದುಸಿರು, ತಲೆಸುತ್ತುಗಳನ್ನು ವಯಸ್ಸಿನ ಅಥವಾ ದುಡಿಮೆಯ ಫಲವೆಂದು ಸಹಿಸಿಕೊಳ್ಳುವುದು ಸಲ್ಲದು. ಅತಿಯಾದ ಮುಟ್ಟಿನ ಸ್ರಾವ, ಜಂತುಹುಳುಗಳೂ ರಕ್ತಹೀನತೆಗೆ ಕಾರಣವಾಗಬಹುದು. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಷ್ಟೇ ಮಾತ್ರೆ ಸೇವಿಸಿರಿ; ಮಾತ್ರೆಗಳು ಮಕ್ಕಳ ಕೈಗೆ ಸಿಗದಿರಲಿ. ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಉಣ್ಣುವ ತಾಯಿಯ ತಟ್ಟೆಯಲ್ಲಿ ಸೊಪ್ಪು, ಕಾಳು ಉಳಿದಿವೆಯೇ ಎಂದು ನಾವೆಲ್ಲರೂ ಇಂದೇ ನೋಡೋಣ.