ನಾಯಿ ಬಿಸ್ಕತ್ತು, ಏರ್ ಫ್ರೈಯರ್‌ನಲ್ಲಿ

ನಾಯಿಗೆಂದೇ ತಯಾರಾದ ಬಿಸ್ಕತ್ತಿನ ಮೂಲ ಹಡಗಿನ ಅಡುಗೆಮನೆಯಲ್ಲಿದೆ. ಸಿಡಿಲು ತಡೆಯುವ ಸರಳುಗಳನ್ನು ಮಾರಲು ಅಮೆರಿಕದ ಒಹಾಯೊದಿಂದ ಲಂಡನ್ನಿಗೆ ಬಂದಿದ್ದ ಜೇಮ್ಸ್ ಸ್ಪ್ರಾಟ್, 1860ರ ಸುಮಾರಿಗೆ ಗೋಧಿ, ತರಕಾರಿ, ಬೀಟ್‌ರೂಟ್ ಮತ್ತು ಮಾಂಸದ ಅಂಶ ಸೇರಿಸಿದ ಗಟ್ಟಿ ಬಿಸ್ಕತ್ತನ್ನು ನಾಯಿಗಳಿಗಾಗಿ ಮಾರಾಟಕ್ಕೆ ತಂದ. ನಾವಿಕರು ತಿಂಗಳುಗಟ್ಟಲೆ ಕೆಡದಂತೆ ಇಟ್ಟುಕೊಳ್ಳುತ್ತಿದ್ದ ಒಣ ಬಿಸ್ಕತ್ತೇ ಅದಕ್ಕೆ ಮಾದರಿ. ಅವನ ಸಂಸ್ಥೆಯಲ್ಲಿ ಕೆಲಸಕ್ಕಿದ್ದ ಚಾರ್ಲ್ಸ್ ಕ್ರಫ್ಟ್ 1891ರಲ್ಲಿ ತನ್ನ ಹೆಸರಿನಲ್ಲೇ ಶ್ವಾನ ಪ್ರದರ್ಶನ ಆರಂಭಿಸಿದ. ಅದು ಇಂದಿಗೂ ಕ್ರಫ್ಟ್ಸ್ ಎಂದೇ ಪ್ರಸಿದ್ಧ. ಮೂಳೆಯಾಕಾರದ ಮಿಲ್ಕ್-ಬೋನ್ ಬಿಸ್ಕತ್ತು ನ್ಯೂಯಾರ್ಕಿನಲ್ಲಿ ಹುಟ್ಟಿದ್ದು 1908ರಲ್ಲಿ. ಆಕಾರ, ಪರಿಮಳ, ಹೆಸರು ಎಷ್ಟು ಬದಲಾದರೂ ತಯಾರಿಕೆಯ ಗುಟ್ಟು ಮಾತ್ರ ಬದಲಾಗಿಲ್ಲ. ಹಿಟ್ಟನ್ನು ಚೆನ್ನಾಗಿ ಬೇಯಿಸಬೇಕು, ಆಮೇಲೆ ಅದರ ನೀರನ್ನೆಲ್ಲ ತೆಗೆಯಬೇಕು.

ಈ ಎರಡನೆಯ ಕೆಲಸಕ್ಕೆ ಏರ್ ಫ್ರೈಯರ್ ಹೇಳಿ ಮಾಡಿಸಿದ ಉಪಕರಣ. ಹೆಸರಿನಲ್ಲಿ ಕರಿಯುವ ಮಾತಿದ್ದರೂ ಅದು ಏನನ್ನೂ ಕರಿಯುವುದಿಲ್ಲ. ಮೇಲ್ಭಾಗದ ಸುರುಳಿ ಗಾಳಿಯನ್ನು ಕಾಯಿಸುತ್ತದೆ, ಫ್ಯಾನು ಆ ಗಾಳಿಯನ್ನು ತೂತುಬುಟ್ಟಿಯ ಸುತ್ತ ರಭಸದಿಂದ ತಿರುಗಿಸುತ್ತದೆ, ಪದಾರ್ಥದ ಮೈಮೇಲಿನ ತೇವ ಆ ಗಾಳಿಯೊಂದಿಗೆ ಹೊರಟುಹೋಗುತ್ತದೆ. ನೆದರ್ಲೆಂಡ್ಸಿನ ಫ್ರೆಡ್ ವಾನ್ ಡೆರ್ ವೈ ರೂಪಿಸಿದ ಈ ವಿನ್ಯಾಸವನ್ನು ಫಿಲಿಪ್ಸ್ ಸಂಸ್ಥೆ 2010ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಪರಿಚಯಿಸಿತು. ಬಹುತೇಕ ಮಾದರಿಗಳಲ್ಲಿ ಶಾಖವನ್ನು 80ರಿಂದ 200 ಡಿಗ್ರಿ ಸೆಲ್ಸಿಯಸ್‌ವರೆಗೆ ಹೊಂದಿಸಬಹುದು. ನಾಯಿ ತಿನಿಸಿಗೆ ಬೇಕಾದದ್ದು ಈ ಅಳತೆಯ ಕೆಳಗಿನ ಅರ್ಧವೇ ಹೆಚ್ಚು. ಪಿಷ್ಟದ ಪದಾರ್ಥ 120 ಡಿಗ್ರಿ ದಾಟಿ ಕೆಂಪಗಾಗುತ್ತ ಹೋದಂತೆ ಅಕ್ರಿಲಮೈಡ್ ಎಂಬ ಬೇಡದ ರಾಸಾಯನಿಕ ಉಂಟಾಗುತ್ತದೆ. ಆದ್ದರಿಂದ ಹೆಚ್ಚು ಶಾಖ ಸ್ವಲ್ಪ ಹೊತ್ತು ಸಾಕು. ಕಡಿಮೆ ಶಾಖದಲ್ಲಿ ಹೆಚ್ಚು ಹೊತ್ತು ಬೇಕು.

ಅಂಗಡಿಯಲ್ಲಿ ಬಗೆಬಗೆಯ ಪೊಟ್ಟಣ ಸಿಗುವಾಗ ಮನೆಯಲ್ಲೇಕೆ ಮಾಡಬೇಕು? ಒಳಗೆ ಏನಿದೆ ಎಂಬುದು ಮಾಡಿದವರಿಗೆ ಪೂರ್ತಿ ಗೊತ್ತಿರುತ್ತದೆ, ಅಷ್ಟೇ. ಆದರೆ ಅದು ಸಣ್ಣ ಕಾರಣವಲ್ಲ. 2007ರಿಂದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ ಒಣಮಾಂಸದ ತಿನಿಸು ತಿಂದು ನಾಯಿಗಳು ಕಾಯಿಲೆ ಬಿದ್ದ ದೂರುಗಳು ಸಾವಿರಾರು ಬಂದವು. ಒಂದು ಸಾವಿರಕ್ಕೂ ಹೆಚ್ಚು ನಾಯಿಗಳ ಸಾವು ಅವುಗಳಲ್ಲಿ ವರದಿಯಾಗಿತ್ತು. ಹೆಚ್ಚಿನ ದೂರುಗಳು ಚೀನಾದಿಂದ ಬಂದ ತಿನಿಸಿನ ಬಗ್ಗೆ ಇದ್ದವು. ವರ್ಷಗಟ್ಟಲೆ ತನಿಖೆ ನಡೆದರೂ ಖಚಿತ ಕಾರಣ ಹೊರಬರಲಿಲ್ಲ. ಬೀದಿನಾಯಿಗಳಿಗೆ ನಮ್ಮಲ್ಲಿ ಪ್ರೀತಿಯಿಂದ ಹಾಕುವ ಬನ್ನು, ಗ್ಲೂಕೋಸ್ ಬಿಸ್ಕತ್ತುಗಳು ವಿಷವಲ್ಲ ನಿಜ, ಆದರೆ ಅವುಗಳಲ್ಲಿ ನಾಯಿಗೆ ಅಗತ್ಯವಿಲ್ಲದ ಸಕ್ಕರೆ ಧಾರಾಳವಾಗಿದೆ.

ನಾಯಿ ಮಾಂಸವನ್ನಷ್ಟೇ ಅರಗಿಸಿಕೊಳ್ಳಬಲ್ಲದು ಎಂಬ ನಂಬಿಕೆ ಸರಿಯಲ್ಲ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಎರಿಕ್ ಆಕ್ಸೆಲ್‌ಸನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಿಷ್ಟ ಒಡೆಯುವ ಕಿಣ್ವದ ಜೀನಿನ ಪ್ರತಿಗಳು ತೋಳದಲ್ಲಿ ಎರಡಿದ್ದರೆ ನಾಯಿಯಲ್ಲಿ 4ರಿಂದ 30ರವರೆಗೆ ಇರುತ್ತವೆ. ಮನುಷ್ಯನ ಒಲೆಯ ಪಕ್ಕದಲ್ಲಿ ಸಾವಿರಾರು ವರ್ಷ ಬಾಳಿದ್ದರ ಗುರುತು ಅದು. ಹಳೇ ಮೈಸೂರು ಕಡೆಯ ಹಳ್ಳಿಗಳಲ್ಲಿ ರಾಗಿ ಮುದ್ದೆ, ಗಂಜಿ ತಿಂದು ಬೆಳೆದ ನಾಯಿಗಳಿಗೆ ಈ ಮಾತು ಹೊಸದೇನಲ್ಲ. ಒಂದೇ ಷರತ್ತು, ಪಿಷ್ಟ ಚೆನ್ನಾಗಿ ಬೆಂದಿರಬೇಕು.

ಇಲ್ಲೇ ರಾಗಿ ಬಿಸ್ಕತ್ತು ಮಾಡುವವರು ಎಡವುವುದು. ರಾಗಿಯಲ್ಲಿ ಗೋಧಿಯ ಅಂಟು ಇಲ್ಲ. ತಣ್ಣೀರಲ್ಲಿ ಕಲಸಿದ ಹಿಟ್ಟು ಲಟ್ಟಿಸುವಾಗಲೇ ಬಿರಿಯುತ್ತದೆ. ಬಿಸಿಗಾಳಿಗೆ ಇಟ್ಟರೆ ಪಿಷ್ಟ ಬೇಯುವ ಮೊದಲೇ ನೀರು ಆರಿಹೋಗಿ ಒಳಗೆ ಹಸಿಹಿಟ್ಟು ಉಳಿಯುತ್ತದೆ. ಅಕ್ಕಿರೊಟ್ಟಿಗೆ ಮಾಡುವ ಹಾಗೆ ಹಿಟ್ಟನ್ನು ಮೊದಲೇ ಉಕ್ಕರಿಸಿಕೊಂಡರೆ ಎರಡು ತೊಂದರೆಯೂ ತಪ್ಪುತ್ತವೆ. ಬೇಯಿಸಿ ಮಸೆದ ಸಿಹಿಗುಂಬಳ ನೂರು ಗ್ರಾಂ, ನೀರು ಕಾಲು ಲೋಟ, ಎರಡನ್ನೂ ಕುದಿಸಿ, ಅದಕ್ಕೆ 150 ಗ್ರಾಂ ರಾಗಿಹಿಟ್ಟು ಹಾಕಿ, ಸಣ್ಣ ಉರಿಯಲ್ಲಿ ಗಂಟಿಲ್ಲದಂತೆ ತಿರುವಿ, ಮುಚ್ಚಿಡಬೇಕು. ಕೈಗೆ ಹದವಾದ ಬಿಸಿ ಇರುವಾಗ ಒಂದು ಮೊಟ್ಟೆ ಒಡೆದು ಹಾಕಿ ನಾದಿಕೊಳ್ಳಬೇಕು. ಅಂಟಿದರೆ ಸ್ವಲ್ಪ ಹಿಟ್ಟು ಉದುರಿಸಿಕೊಳ್ಳಬಹುದು. ಉಪ್ಪು, ಬೆಲ್ಲ, ತುಪ್ಪ, ಬೇಕಿಂಗ್ ಪೌಡರ್ ಯಾವುದೂ ಬೇಡ. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಮೂರು ಸೆಂಟಿಮೀಟರಿನ ಚೌಕಗಳಾಗಿ ಕತ್ತರಿಸಿ, ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿದರೆ ಉಗಿ ಹೊರಹೋಗಲು ದಾರಿಯಾಗುತ್ತದೆ. ಸುಮಾರು 65 ತುಂಡುಗಳು ಬರುತ್ತವೆ.

ಬುಟ್ಟಿಯಲ್ಲಿ ಒಂದೇ ಪದರವಾಗಿ, ನಡುವೆ ಗಾಳಿಯಾಡುವಷ್ಟು ಜಾಗ ಬಿಟ್ಟು ಜೋಡಿಸಬೇಕು. ಒಂದರ ಮೇಲೊಂದು ಪೇರಿಸಿದರೆ ಏರ್ ಫ್ರೈಯರಿನ ಪ್ರಯೋಜನವೇ ಇಲ್ಲ. 160 ಡಿಗ್ರಿಯಲ್ಲಿ ಹನ್ನೆರಡು ನಿಮಿಷ, ಮಗುಚಿ ಹಾಕಿ 100 ಡಿಗ್ರಿಯಲ್ಲಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಯಂತ್ರದಿಂದ ಯಂತ್ರಕ್ಕೆ ಸಮಯ ವ್ಯತ್ಯಾಸವಾಗುವುದರಿಂದ ಗಡಿಯಾರಕ್ಕಿಂತ ಬಿಸ್ಕತ್ತನ್ನು ನೋಡುವುದು ಮೇಲು: ಒಂದನ್ನು ಆರಿಸಿ ಮುರಿದಾಗ ನಡುಭಾಗ ಮೆತ್ತಗಿರಬಾರದು. ಬೇಕಿಂಗ್ ಕಾಗದ ಹಾಸುವವರು ಒಂದು ಎಚ್ಚರಿಕೆ ವಹಿಸಬೇಕು. ಖಾಲಿ ಕಾಗದವನ್ನಿಟ್ಟು ಯಂತ್ರ ಚಾಲೂ ಮಾಡಿದರೆ ಗಾಳಿಗೆ ಅದು ಮೇಲೆದ್ದು ಕಾದ ಸುರುಳಿಗೆ ತಗುಲಿ ಹೊತ್ತಿಕೊಳ್ಳಬಹುದು.

ಗೆಣಸಿನದು ಇನ್ನೂ ಸುಲಭ. ಅರ್ಧ ಸೆಂಟಿಮೀಟರಿನ ಬಿಲ್ಲೆಗಳನ್ನು ಹಬೆಯಲ್ಲಿ ಬೇಯಿಸಿ, 90 ಡಿಗ್ರಿಯಲ್ಲಿ ಒಂದೂವರೆ–ಎರಡು ಗಂಟೆ ಒಣಗಿಸಿದರೆ ಚರ್ಮದಂತೆ ಬಾಗುವ, ನಾಯಿ ಬಹಳ ಹೊತ್ತು ಜಗಿಯುವ ತಿನಿಸು ಸಿದ್ಧ.

ಮಾಂಸದ ವಿಷಯದಲ್ಲಿ ಕ್ರಮ ತಪ್ಪಬಾರದು. ಹಸಿ ಕೋಳಿಮಾಂಸವನ್ನು ನೇರವಾಗಿ 80 ಡಿಗ್ರಿಯಲ್ಲಿ ಒಣಗಲು ಇಟ್ಟರೆ, ಆರುವ ನೀರು ಮಾಂಸವನ್ನು ತಂಪಾಗಿಯೇ ಇಡುತ್ತದೆ. ಒಣಗಿದ ಮೇಲೆ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಶಾಖವನ್ನು ಇನ್ನಷ್ಟು ತಾಳಿಕೊಳ್ಳುತ್ತವೆ. ಆದ್ದರಿಂದ ಅಮೆರಿಕದ ಕೃಷಿ ಇಲಾಖೆ ಕೋಳಿಮಾಂಸದ ಒಳಭಾಗ 74 ಡಿಗ್ರಿ ಮುಟ್ಟಿದ ಮೇಲೆಯೇ ಒಣಗಿಸಬೇಕೆಂದು ಹೇಳುತ್ತದೆ. ಮೂಳೆ, ಚರ್ಮ, ಕೊಬ್ಬು ತೆಗೆದ ಎದೆಮಾಂಸವನ್ನು ಬೇಯಿಸಿ, ತೆಳ್ಳಗೆ ಸೀಳಿ, ಆಮೇಲೆ ಕಡಿಮೆ ಶಾಖದಲ್ಲಿ ಎರಡು ಗಂಟೆಯೋ ಮೂರು ಗಂಟೆಯೋ ಇಟ್ಟರೆ ಸಾಕು. ಕೋಳಿ ಲಿವರನ್ನೂ ಹೀಗೆಯೇ ಮಾಡಬಹುದು. ಅದರ ವಾಸನೆಗೆ ಓಡಿಬರದ ನಾಯಿ ಅಪರೂಪ. ಆದರೆ ಲಿವರಿನಲ್ಲಿ ಎ ಜೀವಸತ್ವ ವಿಪರೀತವಿದೆ. ದಿನವೂ ಹೆಚ್ಚಾಗಿ ತಿಂದರೆ ಮೂಳೆ, ಕೀಲುಗಳಿಗೆ ಕೇಡು. ಕರಾವಳಿಯವರ ಕೈಗೆ ಸುಲಭಕ್ಕೆ ಸಿಗುವ ಒಣಮೀನು ಉಪ್ಪಿನ ಕಾರಣದಿಂದ ಆಗದು. ಬೆಂದ ಮೂಳೆ ಸೀಳಿ ಚೂಪಾಗುತ್ತದೆ, ಕರುಳಿಗೆ ಚುಚ್ಚುತ್ತದೆ. ಏರ್ ಫ್ರೈಯರಿನಲ್ಲಿ ಬೇಯಿಸಿದ ಲೆಗ್ ಪೀಸಿನ ಮೂಳೆಯೂ ಅದಕ್ಕೆ ಹೊರತಲ್ಲ.

ಈ ಕೆಲಸದಲ್ಲಿ ಏನು ಹಾಕಬೇಕು ಎಂಬುದಕ್ಕಿಂತ ಏನು ಹಾಕಬಾರದು ಎಂಬುದೇ ದೊಡ್ಡ ವಿದ್ಯೆ. ಈರುಳ್ಳಿ, ಬೆಳ್ಳುಳ್ಳಿಗಳ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಪುಡಿ ಮಾಡಿದರೂ ಆ ಗುಣ ಹೋಗುವುದಿಲ್ಲ. ಹಾಗಾಗಿ ಮನೆಯವರಿಗೆ ಮಾಡಿದ ಸಾರು, ಪಲ್ಯ, ಮಸಾಲೆ ಮಾಂಸವನ್ನು ನಾಯಿ ತಿನಿಸಿಗೆ ಸೇರಿಸುವಂತಿಲ್ಲ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತವೆ. ಅವುಗಳಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕೆಂದು ಅಮೆರಿಕದ ಪ್ರಾಣಿವಿಷ ತಜ್ಞರು 2021ರಲ್ಲಿ ಗುರುತಿಸಿದರು. ಕರ್ನಾಟಕದ ಅಡುಗೆಮನೆಗೆ ಇದು ಮುಖ್ಯವಾದ ಸಂಗತಿ, ಏಕೆಂದರೆ ಅದೇ ಆಮ್ಲ ಹುಣಸೆಹಣ್ಣಿನಲ್ಲಿ ಹೇರಳವಾಗಿದೆ. ಚಾಕೊಲೇಟಿನ ಥಿಯೋಬ್ರೊಮಿನ್ ನಾಯಿಯ ಮೈಯಿಂದ ಬೇಗ ಹೊರಹೋಗದೆ ಹೃದಯ, ನರಗಳನ್ನು ಕಾಡುತ್ತದೆ. ಕಡಲೆಕಾಯಿ ಬೆಣ್ಣೆ ಬಳಸುವವರು ಡಬ್ಬಿಯ ಚೀಟಿ ಓದಲೇಬೇಕು. ಸಕ್ಕರೆರಹಿತ ಎನ್ನುವವುಗಳಲ್ಲಿ ಜೈಲಿಟಾಲ್ ಇದ್ದರೆ ನಾಯಿಯ ರಕ್ತದ ಸಕ್ಕರೆ ಗಂಟೆಯೊಳಗೇ ಕುಸಿಯಬಹುದು. ಹುರಿದ ಕಡಲೆಕಾಯಿಯನ್ನು ಉಪ್ಪಿಲ್ಲದೆ ಮನೆಯಲ್ಲೇ ರುಬ್ಬಿಕೊಂಡರೆ ಈ ಭಯವಿಲ್ಲ. ಇವುಗಳಲ್ಲಿ ಯಾವುದನ್ನಾದರೂ ನಾಯಿ ತಿಂದದ್ದು ಗೊತ್ತಾದರೆ ಲಕ್ಷಣ ಕಾಣಿಸಲೆಂದು ಕಾಯದೆ ಪಶುವೈದ್ಯರ ಬಳಿಗೆ ಹೋಗಬೇಕು.

ತಿನಿಸು ಎಷ್ಟೇ ಒಳ್ಳೆಯದಾದರೂ ಊಟವಲ್ಲ. ದಿನದ ಒಟ್ಟು ಕ್ಯಾಲೊರಿಯಲ್ಲಿ ತಿನಿಸಿನ ಪಾಲು ಶೇ 10 ಮೀರಬಾರದೆಂಬುದು ಪಶುವೈದ್ಯರ ಸಾಮಾನ್ಯ ಸೂತ್ರ. ಸಂತಾನಹರಣ ಶಸ್ತ್ರಚಿಕಿತ್ಸೆ ಆದ, 10 ಕಿಲೋ ತೂಕದ ವಯಸ್ಕ ನಾಯಿಗೆ ದಿನಕ್ಕೆ ಸುಮಾರು 630 ಕ್ಯಾಲೊರಿ ಸಾಕು. ತಿನಿಸಿಗೆ ಸಿಗುವುದು 63. ಮೇಲಿನ ರಾಗಿ ಬಿಸ್ಕತ್ತು ಒಂದಕ್ಕೆ ಹತ್ತಿರ ಹತ್ತಿರ 9 ಕ್ಯಾಲೊರಿ ಬರುತ್ತದೆ, ಅಂದರೆ ದಿನಕ್ಕೆ ಏಳು. ನಾಯಿ ಗಾತ್ರ ಲೆಕ್ಕ ಹಾಕುವುದಿಲ್ಲ, ಸಿಕ್ಕಿದ ಸಲವನ್ನು ಲೆಕ್ಕ ಹಾಕುತ್ತದೆ. ಪಾಠ ಕಲಿಸುವಾಗ ಒಂದನ್ನು ನಾಲ್ಕು ಚೂರು ಮಾಡಿ, ಹೇಳಿದ್ದನ್ನು ಮಾಡಿದ ಕೂಡಲೇ ಒಂದೊಂದೇ ಕೊಟ್ಟರೆ ಫಲ ಹೆಚ್ಚು.

ಸಂರಕ್ಷಕಗಳಿಲ್ಲದ ಈ ತಿನಿಸು ಎಷ್ಟು ಚೆನ್ನಾಗಿ ಒಣಗಿದೆಯೋ ಅಷ್ಟು ದಿನ ಉಳಿಯುತ್ತದೆ. ಗರಿಗರಿಯಾದ ಬಿಸ್ಕತ್ತು ಪೂರ್ತಿ ಆರಿದ ಮೇಲೆ ಬಿಗಿಮುಚ್ಚಳದ ಡಬ್ಬಿಯಲ್ಲಿ ವಾರ, ಹತ್ತು ದಿನ ಇರುತ್ತದೆ. ಗೆಣಸು, ಮಾಂಸದವು ಫ್ರಿಜ್ಜಿನಲ್ಲಿ ಮೂರು–ನಾಲ್ಕು ದಿನ. ಹೆಚ್ಚು ಬೇಕಿದ್ದರೆ ಫ್ರೀಜರಿನಲ್ಲಿ ಇಡಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಡಬ್ಬಿಯೊಳಗಿನ ಬಿಸ್ಕತ್ತೂ ಮೆತ್ತಗಾಗುತ್ತದೆ. ಬರೀ ಮೆತ್ತಗಾಗಿದ್ದರೆ 100 ಡಿಗ್ರಿಯಲ್ಲಿ ಹತ್ತು ನಿಮಿಷ ಕಾಯಿಸಿದರೆ ಸರಿಹೋಗುತ್ತದೆ. ಬೂಸ್ಟು ಕಂಡರೆ ಇಡೀ ಡಬ್ಬಿಯನ್ನೇ ಚೆಲ್ಲಬೇಕು. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತಾಗ, ಅದೇ ಮನೆಗಳ ನಾಯಿಗಳಲ್ಲೂ ಅದೇ ಕಾಯಿಲೆ ಕಾಣಿಸಿತ್ತು. ಅದಕ್ಕೆ ಕಾರಣವಾದ ಅಫ್ಲಾಟಾಕ್ಸಿನ್ ಬೇಯಿಸಿದರೂ ನಾಶವಾಗುವುದಿಲ್ಲ.

ಮರಿಗಳಿಗೆ, ಹಲ್ಲು ಸವೆದ ಮುದಿ ನಾಯಿಗಳಿಗೆ ಗಟ್ಟಿ ಬಿಸ್ಕತ್ತನ್ನು ನೀರಲ್ಲಿ ನೆನೆಸಿ ಕೊಡಬೇಕು. ಮೂತ್ರಪಿಂಡ, ಮೇದೋಜೀರಕ ಗ್ರಂಥಿಯ ತೊಂದರೆ ಅಥವಾ ಮಧುಮೇಹವಿರುವ ನಾಯಿಗೆ ಪಶುವೈದ್ಯರನ್ನು ಕೇಳದೆ ಯಾವ ತಿನಿಸೂ ಬೇಡ. ಕೋಳಿಮಾಂಸ, ಹಾಲಿನ ಪದಾರ್ಥಗಳು ಕೆಲವು ನಾಯಿಗಳಿಗೆ ತುರಿಕೆ ತರುತ್ತವೆ. ಹೊಸ ತಿನಿಸನ್ನು ಮೊದಲ ದಿನ ಒಂದೇ ಚೂರು ಕೊಟ್ಟು, ಎರಡು ದಿನ ಮಲ ಮತ್ತು ಚರ್ಮವನ್ನು ಗಮನಿಸಿ, ಎಲ್ಲ ಸರಿಯಿದ್ದರೆ ಮುಂದುವರಿಸಿ.