‘ರನ್’ ಅಂದ್ರೆ ಬರೀ ಓಡೋದಲ್ಲ!

ಇಂಗ್ಲಿಷಿನ ‘ರನ್’ ಮೂರೇ ಅಕ್ಷರದ ಪದ. ರನ್ ಅಂದ್ರೆ ಓಡು ಎಂದು ಪ್ರೈಮರಿ ಶಾಲೆಯಲ್ಲಿ ಕಲಿತು ಡಿಗ್ರಿವರೆಗೂ ನೆಮ್ಮದಿಯಾಗಿರುತ್ತೇವೆ. ಕೆಲಸ ಹುಡುಕಲು ಹೊರಟಾಗ ಅದೇ ಪದ ನಮ್ಮ ಬೆವರಿಳಿಸುತ್ತದೆ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಪೀಟರ್ ಗಿಲಿವರ್ ಈ ಒಂದು ಕ್ರಿಯಾಪದಕ್ಕಾಗಿ ಒಂಬತ್ತು ತಿಂಗಳು ದುಡಿದರು. 2011ರ ಹೊತ್ತಿಗೆ ಸಿಕ್ಕ ಅರ್ಥಗಳ ಲೆಕ್ಕ 645! 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಪಡೆದಿದ್ದ ‘ಸೆಟ್’ ಪದವನ್ನೂ ಅದು ಹಿಂದಿಕ್ಕಿತು.

ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ರೂಮ್‌ಮೇಟ್‌ಗೆ ಇದನ್ನು ಹೇಳಿದೆ. ‘ಹಂಗಾದ್ರೆ ನಾವು ಇಂಗ್ಲಿಷ್ ಕಲಿತಂಗೇ ಬಿಡು’ ಅಂದ. ಅವನ ಬೇಸರಕ್ಕೆ ಕಾರಣವಿತ್ತು. ಹಿಂದಿನ ವಾರವಷ್ಟೇ ಫೋನ್ ಇಂಟರ್‌ವ್ಯೂನಲ್ಲಿ ‘ವಿ ಆರ್ ರನ್ನಿಂಗ್ ಲೇಟ್. ಕ್ಯಾನ್ ಯು ರನ್ ಮಿ ಥ್ರೂ ಯುವರ್ ಪ್ರಾಜೆಕ್ಟ್?’ ಎಂದು ಕೇಳಿದ್ದರಂತೆ. ತಡವಾಗುತ್ತಿದೆ, ನಿಮ್ಮ ಪ್ರಾಜೆಕ್ಟ್ ಏನೆಂದು ಬೇಗ ಹೇಳಿ ಎಂಬುದಷ್ಟೇ ಅದರರ್ಥ. ಅವನಿಗೆ ಪ್ರಾಜೆಕ್ಟ್ ಚೆನ್ನಾಗಿ ಗೊತ್ತಿತ್ತು, ಪ್ರಶ್ನೆ ಗೊತ್ತಾಗಲಿಲ್ಲ. ಕೆಲಸ ಕೈತಪ್ಪಿತು.

‘ಲೋ, ಸಿನಿಮಾ ನೂರು ದಿನ ಓಡ್ತು ಅಂತೀಯಲ್ಲ, ಅದಕ್ಕೆ ಕಾಲಿದ್ಯಾ?’ ಎಂದು ಕೇಳಿದೆ. ‘ತಲೆ ಓಡ್ತಿಲ್ಲ’ ಅನ್ನುವಾಗ ತಲೆಯೇನೂ ಎದ್ದು ಹೋಗುವುದಿಲ್ಲ. ಅದು ಬಿಡಿ, ನಮ್ಮ ‘ಹೊಡಿ’ಯನ್ನೇ ನೋಡಿ. ಗೊರಕೆ ಹೊಡೀತೀವಿ, ಹರಟೆ ಹೊಡೀತೀವಿ, ಕ್ಲಾಸಿಗೆ ಚಕ್ಕರ್ ಹೊಡೀತೀವಿ, ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೀತೀವಿ, ಆಮೇಲೆ ಡುಮ್ಕಿನೂ ಹೊಡೀತೀವಿ. ಯಾರಿಗೂ ಏಟು ಬೀಳುವುದಿಲ್ಲ! ಇದನ್ನೆಲ್ಲ ನಮಗೆ ಯಾರೂ ಪಟ್ಟಿ ಮಾಡಿ ಕಲಿಸಿಲ್ಲ. ಪಕ್ಕದ ಪದದಿಂದಲೇ ಅರ್ಥ ಹಿಡಿದೆವು.

‘ರನ್’ಗೂ ಅದೇ ಕೀಲಿಕೈ. ಪಕ್ಕದಲ್ಲಿ ‘ಶಾಪ್’ ಇದ್ದರೆ ಅಂಗಡಿ ನಡೆಸು. ‘ನೋಸ್’ ಇದ್ದರೆ ಮೂಗು ಸೋರುವುದು. ‘ವಾಟರ್’ ಇದ್ದರೆ ನೀರು ಹರಿಯುವುದು. ‘ರನ್ ಔಟ್ ಆಫ್ ಮನಿ’ ಎಂದರೆ ದುಡ್ಡು ಖಾಲಿ. ‘ರನ್ ಇನ್‌ಟು ಎ ಫ್ರೆಂಡ್’ ಎಂದರೆ ಗೆಳೆಯ ಅಚಾನಕ್ಕಾಗಿ ಸಿಕ್ಕ. ‘ಇಟ್ ರನ್ಸ್ ಇನ್ ದ ಫ್ಯಾಮಿಲಿ’ ಎಂದರೆ ವಂಶದಲ್ಲೇ ಬಂದದ್ದು. ಚುನಾವಣೆಗೆ ನಾವು ನಿಲ್ಲುತ್ತೇವೆ, ಬ್ರಿಟನ್ನಿನವರೂ ನಿಲ್ಲುತ್ತಾರೆ. ಅಮೆರಿಕದವರು ಮಾತ್ರ ‘ರನ್’ ಮಾಡುತ್ತಾರೆ! ಅಂಗಡಿ, ನೀರು, ವಂಶ... ಇವುಗಳಲ್ಲೆಲ್ಲ ನಿಲ್ಲದೆ ಮುಂದೆ ಸಾಗುವ ಒಂದು ಭಾವವಿದೆ. ಅದು ಸಿಕ್ಕರೆ ಉಳಿದದ್ದನ್ನು ಊಹಿಸುವುದು ಕಷ್ಟವಲ್ಲ.

ಹಾಗಾಗಿ ಗೆಳೆಯರೇ, ನೋಟ್‌ಬುಕ್ಕಿನಲ್ಲಿ ಒಂಟಿ ಪದ ಬರೆದು ಎದುರಿಗೆ ಒಂದೇ ಅರ್ಥ ಬರೆಯುವುದನ್ನು ಬಿಡೋಣ. ಕೇಳಿದ ಇಡೀ ವಾಕ್ಯವನ್ನೇ ಬರೆದುಕೊಳ್ಳೋಣ. ದಿನಕ್ಕೆರಡು ವಾಕ್ಯ ಸಾಕು. ಇಂಟರ್‌ವ್ಯೂನಲ್ಲಿ ಪ್ರಶ್ನೆ ಅರ್ಥವಾಗದಿದ್ದರೆ ‘ಕುಡ್ ಯು ಪ್ಲೀಸ್ ರಿಪೀಟ್ ದಟ್?’ ಎಂದು ಕೇಳುವುದರಲ್ಲಿ ಅವಮಾನವೇನಿಲ್ಲ. 645 ಅರ್ಥಗಳನ್ನೂ ಬಾಯಿಪಾಠ ಮಾಡಿಕೊಂಡವರು ಇಂಗ್ಲೆಂಡಿನಲ್ಲೂ ಇರಲಿಕ್ಕಿಲ್ಲ. ಒಂದೇ ‘ಹೊಡಿ’ಯಲ್ಲಿ ಇಷ್ಟೆಲ್ಲ ಹೇಳಬಲ್ಲ ನಾವು ‘ರನ್’ಗೆ ಹೆದರಿ ಓಡಬೇಕೇ?